ಪರೇಲ್‌ನ ಸ್ಪೇನ್ ದೊರೆ, ಎರಡು ‘ಇರು’ಗಳು

1534ರಲ್ಲಿ ಗುಜರಾತಿನ ಸುಲ್ತಾನ ಬಹದ್ದೂರ್ ಷಾ ಮುಂಬೈ ದ್ವೀಪಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಅವುಗಳಲ್ಲೊಂದಾದ ಪರೇಲ್‌ನಲ್ಲಿ ಇಗರ್ಜಿ ಎದ್ದಿತು. 1580ರಿಂದ 1640ರವರೆಗೆ ಪೋರ್ಚುಗಲ್ಲಿನ ಕಿರೀಟ ಸ್ಪೇನಿನ ದೊರೆಗಳ ತಲೆಯ ಮೇಲಿತ್ತು. ಪರೇಲ್‌ಗೂ ಅವರೇ ಅರಸರು. ಆಡಳಿತದ ನುಡಿ ಮಾತ್ರ ಪೋರ್ಚುಗೀಸೇ.

ಸ್ಪ್ಯಾನಿಷ್, ಪೋರ್ಚುಗೀಸ್ ಎರಡೂ ಲ್ಯಾಟಿನ್ ಮೂಲದ ನುಡಿಗಳು, ಎರಡರಲ್ಲೂ ‘ಇರು’ವಿಗೆ ಎರಡು ರೂಪ. ಲ್ಯಾಟಿನ್‌ನ ‘ಎಸ್ಸೆ’ಯೊಡನೆ ಕೂರುವ ಅರ್ಥದ ‘ಸೆದೇರೆ’ ಬೆರೆತು ‘ಸೆರ್’ ಹುಟ್ಟಿತು. ನಿಲ್ಲುವ ಅರ್ಥದ ‘ಸ್ತಾರೆ’ಯಿಂದ ‘ಎಸ್ತಾರ್’ ಬಂತು. ಎರಡೂ ನಿಯಮಕ್ಕೆ ಬಗ್ಗದ ಕ್ರಿಯಾಪದಗಳು.

ಸ್ಪ್ಯಾನಿಷ್ ಕಲಿಯುವ ಕನ್ನಡಿಗರಿಗೆ ಇದು ಅಷ್ಟೇನೂ ಕಷ್ಟವಲ್ಲ. ‘ನಾನು ಮೇಷ್ಟ್ರು’ ಎನ್ನಲು ನಮಗೆ ಕ್ರಿಯಾಪದವೇ ಬೇಡ. ಅಲ್ಲಿ ‘ಸೆರ್’ನ ‘ಸೊಯ್’ ಬರುತ್ತದೆ. ‘ಪರೇಲ್‌ನಲ್ಲಿದ್ದೇನೆ’ ಎನ್ನುವಾಗ ‘ಎಸ್ತಾರ್’ನ ‘ಎಸ್ತೊಯ್’.

ಆದರೆ ಎಚ್ಚರ: ‘ಮದುವೆ ಪರೇಲ್‌ನಲ್ಲಿದೆ’ ಎಂದರೆ ‘ಸೆರ್’. ನಡೆಯುವ ಸಮಾರಂಭದ ಸ್ಥಳಕ್ಕೆ ‘ಎಸ್ತಾರ್’ ಸಲ್ಲದು.

ಪರೇಲ್‌ನ ಇತಿಹಾಸಕ್ಕೆ ಮರಳಿದರೆ, 1661ರ ರಾಜವಿವಾಹದ ಒಪ್ಪಂದದಂತೆ ಬಳುವಳಿಯಾಗಿ ಮುಂಬೈ ಇಂಗ್ಲೆಂಡಿನ ಪಾಲಾಯಿತು. ಪರೇಲ್‌ನ ಇಗರ್ಜಿಯ ಕಟ್ಟಡ ಗವರ್ನರ್ ನಿವಾಸವಾಗಿ, 1899ರಲ್ಲಿ ವಿಜ್ಞಾನಿ ಹಾಫ್ಕಿನ್‌ರ ಪ್ಲೇಗ್ ಪ್ರಯೋಗಾಲಯವಾಯಿತು. ಪೋರ್ಚುಗೀಸ್ ಬೆರಕೆಯ ಮಾತು ಮಾತ್ರ ಚೌಲ್ ಬಳಿಯ ಕೊರ್ಲಾಯಿಯಲ್ಲಿ ಇಂದಿಗೂ ಕೇಳಿಬರುತ್ತದೆ.