ನಿತ್ಯಪುಷ್ಪ: ಮರಳಿನ ಗಿಡ, ರಕ್ತ ಕ್ಯಾನ್ಸರಿನ ಮದ್ದು

ನಿಮ್ಮ ಮುಂದಿರುವುದು ನಿತ್ಯಪುಷ್ಪ. ಕಾಶಿಕಣಗಿಲೆ ಎಂದರೂ ಇದೇ. ಚೆನ್ನೈನ ತಿರುವೊಟ್ಟಿಯೂರಿನ ತಮಿಳರಿಗೆ ನಿತ್ಯಕಲ್ಯಾಣಿ. ತವರು ಮಡಗಾಸ್ಕರ್. ಉಪ್ಪುಗಾಳಿಗೂ ಬರಿ ಮರಳಿಗೂ ಅಂಜದೆ ವರ್ಷವಿಡೀ ಹೂಬಿಡುತ್ತದೆ.

ಹೂವಿಗೆ ಮನಸೋತು ಎಲೆಯನ್ನು ಮರೆಯಬೇಡಿ. ಬಗ್ಗಿ ನೋಡಿ: ಹೊಳಪು ಹಸಿರಿನ ನಟ್ಟನಡುವೆ ಬಿಳಿಯ ನರವೊಂದು ಗೆರೆ ಎಳೆದಂತಿದೆ. ಮದ್ದು ಇರುವುದು ಈ ಎಲೆಯಲ್ಲಿ.

ಜಮೈಕಾದಲ್ಲಿ ಇದರ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಅಲ್ಲಿಂದ ಬಂದ ಎಲೆಗಳನ್ನು 1950ರ ದಶಕದಲ್ಲಿ ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಪರೀಕ್ಷೆಗೆ ಒಡ್ಡಿದರು. ಇಲಿಗಳ ರಕ್ತದಲ್ಲಿ ಸಕ್ಕರೆ ಇಳಿಯಲಿಲ್ಲ. ಇಳಿದದ್ದು ಬಿಳಿ ರಕ್ತಕಣ, ರಕ್ತ ಕ್ಯಾನ್ಸರಿನಲ್ಲಿ ಮಿತಿಮೀರುವ ಕಣ! ಆ ಸುಳಿವು ಹಿಡಿದು ಅವರೂ ಚಾರ್ಲ್ಸ್ ಬಿಯರ್ ಅವರೂ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಮದ್ದನ್ನು ಬೇರ್ಪಡಿಸಿದರು. ಇದೇ ಗಿಡದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಜೀವಕೋಶ ಎರಡಾಗಲು ಒಳಗೆ ನೂಲಿನಂಥ ಎಳೆಗಳು ಕಟ್ಟಿಕೊಳ್ಳಬೇಕು. ಈ ಮದ್ದುಗಳು ಅವನ್ನು ಕಟ್ಟಿಕೊಳ್ಳಗೊಡುವುದಿಲ್ಲ. ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಗೆ ವಿನ್‌ಕ್ರಿಸ್ಟಿನ್ ಇಂದಿಗೂ ಬೇಕೇ ಬೇಕು.

ಕ್ಯಾನ್ಸರಿಗೆ ತಂಗಿಯನ್ನು ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ ಇದೇ ನಗರದ ಅಡಯಾರಿನಲ್ಲಿ 1954ರಲ್ಲಿ ಕ್ಯಾನ್ಸರ್ ಆಸ್ಪತ್ರೆ ತೆರೆದಾಗ ಇದ್ದದ್ದು 12 ಹಾಸಿಗೆ. ಆಗ ಈ ಮದ್ದು ಇನ್ನೂ ಹುಟ್ಟಿರಲಿಲ್ಲ. ಮರುವರ್ಷ ಅಲ್ಲಿಗೆ ಬಂದ ಡಾ. ವಿ. ಶಾಂತಾ, 2021ರಲ್ಲಿ ಕಣ್ಮುಚ್ಚುವವರೆಗೂ ಆ ಸಂಸ್ಥೆಯನ್ನೇ ಮನೆ ಮಾಡಿಕೊಂಡರು.

ದಯವಿಟ್ಟು ಎಲೆ ಕಿತ್ತು ಜಗಿಯಬೇಡಿ. ಹಸಿ ಎಲೆ ವಿಷ. ಮದ್ದನ್ನು ಶುದ್ಧಿಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ.