ಅಮೆರಿಕದ ಕಾರು: ಕಂತಿನ ಚರಿತ್ರೆ

ಒಂದೇ ಶಬ್ದ ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಇನ್ನೊಂದು ಅರ್ಥ ಕೊಡುವುದು ಗಡಿನಾಡಿನವರಾದ ನಮಗೆ ಹೊಸತಲ್ಲ. ಕನ್ನಡದಲ್ಲಿ 'ಅಡವು' ಎಂದರೆ ಒತ್ತೆ. ಚಿನ್ನವನ್ನೋ ಜಾಗದ ಪತ್ರವನ್ನೋ ಇಟ್ಟು ಹಣ ತರುವುದು. ಮಲಯಾಳದ 'ಅಡವ್' ಎಂದರೆ ತಿಂಗಳು ತಿಂಗಳು ಕಟ್ಟುವ ಕಂತು. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿರುವ ನನಗೆ ಈ ಎರಡೂ ಅರ್ಥಗಳು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತವೆ. ಒಂದು ಸಾಲ ಹುಟ್ಟುವಾಗಿನ ಮಾತು, ಇನ್ನೊಂದು ಸಾಲ ಸಾಯುವಾಗಿನ ಮಾತು.

ಚಿಕ್ಕಂದಿನಿಂದಲೂ ನನಗೆ ವಾಹನಗಳ ಹುಚ್ಚು. ನನ್ನ ಸೋದರಮಾವ ಮಲೆಬದಿಯ ಊರಿಗೆ ಟ್ರಿಪ್ ಜೀಪು ಓಡಿಸುತ್ತಿದ್ದರು. ಒಳಗೆ ಹತ್ತು ಜನ, ಹಿಂದೆ ನೇತಾಡುವವರು ನಾಲ್ಕು ಜನ, ಮೇಲೆ ಅಡಿಕೆ ಮೂಟೆ. ಆ ಜೀಪಿನ ಮೂಲ ಅಮೆರಿಕ ಎಂದು ಮುಂದೆ ಪುಸ್ತಕಗಳಿಂದ ತಿಳಿಯಿತು. ಆಮೇಲೆ ಅಮೆರಿಕದ ಕಾರುಗಳ ಚರಿತ್ರೆಯನ್ನು ಸಿಕ್ಕಿದಲ್ಲೆಲ್ಲ ಓದಿದೆ. ಎಂಜಿನಿಯರರು ಅದನ್ನು ಎಂಜಿನ್ನಿನ ಚರಿತ್ರೆಯಾಗಿ ಬರೆಯುತ್ತಾರೆ. ಗುಮಾಸ್ತನಾದ ನನಗೆ ಅದು ಕಂತಿನ ಚರಿತ್ರೆಯಾಗಿ ಕಾಣುತ್ತದೆ. ಆ ದೃಷ್ಟಿಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಸಾಲ ಬೇಡ ಎಂದವನು

1908ರ ಅಕ್ಟೋಬರಿನಲ್ಲಿ ಹೆನ್ರಿ ಫೋರ್ಡ್ ತನ್ನ 'ಮಾಡೆಲ್ ಟಿ' ಕಾರನ್ನು ಮಾರುಕಟ್ಟೆಗೆ ತಂದ. ಆಗ ಅದರ ಬೆಲೆ 850 ಡಾಲರ್. ನಾಲ್ಕು ಸಿಲಿಂಡರಿನ, 20 ಅಶ್ವಶಕ್ತಿಯ ಎಂಜಿನ್. ಹಗುರವಾದರೂ ಗಟ್ಟಿಯಾದ ವನೇಡಿಯಂ ಉಕ್ಕು. ನೆಲದಿಂದ ಸಾಕಷ್ಟು ಎತ್ತರದಲ್ಲಿ ನಿಲ್ಲುವ ಒಡಲು. ಅಂದಿನ ಅಮೆರಿಕದ ಹಳ್ಳಿರಸ್ತೆಗಳು ನಮ್ಮ ಆಟಿ ತಿಂಗಳ ಕಾಲುದಾರಿಗಿಂತ ಮೇಲೇನೂ ಇರಲಿಲ್ಲ. ಆ ಕೆಸರಿಗೆ ಹೇಳಿ ಮಾಡಿಸಿದ ಕಾರು ಅದು. ರೈತರು ಅದರ ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಬೆಲ್ಟು ಹಾಕಿ, ಮರ ಕೊಯ್ಯುವುದಕ್ಕೂ ನೀರೆತ್ತುವುದಕ್ಕೂ ಬಳಸುತ್ತಿದ್ದರು.

1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾಯಿತು. ಕೆಲಸಗಾರ ನಿಂತಲ್ಲೇ ನಿಲ್ಲುತ್ತಾನೆ, ಕಾರು ಅವನ ಬಳಿಗೆ ಬರುತ್ತದೆ. ಒಂದು ಚಾಸಿಯ ಜೋಡಣೆಗೆ ಹನ್ನೆರಡೂವರೆ ಗಂಟೆ ಬೇಕಾಗುತ್ತಿದ್ದುದು ಮರುವರ್ಷ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಇಡೀ ದಿನ ಒಂದೇ ನಟ್ಟು ಬಿಗಿಯುವ ಬೇಸರಕ್ಕೆ ಕೆಲಸಗಾರರು ಬಿಟ್ಟು ಓಡತೊಡಗಿದರು. ಅವರನ್ನು ನಿಲ್ಲಿಸಿಕೊಳ್ಳಲು 1914ರ ಜನವರಿಯಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ. ಬೆಲೆ ಮಾತ್ರ ಇಳಿಯುತ್ತಲೇ ಹೋಯಿತು. 1925ರಲ್ಲಿ ಎರಡು ಸೀಟಿನ ಕಾರು 260 ಡಾಲರಿಗೆ ಸಿಗುತ್ತಿತ್ತು. 1914ರಿಂದ 1925ರವರೆಗೆ ಬಣ್ಣ ಒಂದೇ, ಕಪ್ಪು.

ಫೋರ್ಡನಿಗೆ ಸಾಲವೆಂದರೆ ಆಗದು, ಬ್ಯಾಂಕೆಂದರೆ ಇನ್ನೂ ಆಗದು. ಹಣ ಕೂಡಿಸು, ಆಮೇಲೆ ಕೊಂಡುಕೋ ಎಂಬುದು ಅವನ ಧರ್ಮ. 1923ರಲ್ಲಿ ಆತ ತಂದ ಯೋಜನೆ ನಮ್ಮ ಆರ್.ಡಿ. ಖಾತೆಯ ಹಾಗೆಯೇ ಇತ್ತು. ಗಿರಾಕಿ ವಾರಕ್ಕೆ ಐದು ಡಾಲರಿನಂತೆ ಕಟ್ಟಬೇಕು, ಹಣ ಬ್ಯಾಂಕಿನಲ್ಲಿ ಬಡ್ಡಿ ಸಹಿತ ಬೆಳೆಯಬೇಕು, ಪೂರ್ಣ ಬೆಲೆ ತುಂಬಿದ ದಿನ ಕಾರು ಮನೆಗೆ. ಯೋಜನೆ ಬಲು ನ್ಯಾಯವಾದದ್ದು. ಆದರೆ ನೆರೆಮನೆಯವನು ಕಾರಿನಲ್ಲಿ ಕುಳಿತು ಕಂತು ಕಟ್ಟುತ್ತಿರುವಾಗ ತಾನು ಪಾಸ್‌ಬುಕ್ಕು ಹಿಡಿದು ನಡೆದುಕೊಂಡೇ ಹೋಗಲು ಯಾರು ಒಪ್ಪುತ್ತಾರೆ? ಯೋಜನೆ ಫಲ ಕೊಡಲಿಲ್ಲ.

ಸಾಲ ಕೊಟ್ಟು ಗೆದ್ದವನು

ನೆರೆಮನೆಯವನಿಗೆ ಆ ಸೌಕರ್ಯ ಒದಗಿಸಿದ್ದು ಜನರಲ್ ಮೋಟಾರ್ಸ್. 1919ರಲ್ಲಿ ಅದು ಸಾಲ ಕೊಡುವುದಕ್ಕೆಂದೇ 'ಜಿಮ್ಯಾಕ್' ಎಂಬ ಅಂಗಸಂಸ್ಥೆಯನ್ನು ತೆರೆಯಿತು. ಕಾರಣ ಸರಳ. ಜನ ಕಾರು ಕೊಳ್ಳುವುದು ವಸಂತಕಾಲದಲ್ಲಿ. ಕಾರ್ಖಾನೆ ಓಡಬೇಕಾದ್ದು ವರ್ಷವಿಡೀ. ಚಳಿಗಾಲದಲ್ಲಿ ತಯಾರಾದ ಕಾರುಗಳಿಗೆ ರೊಕ್ಕ ಕೊಟ್ಟು ಗೋದಾಮಿನಲ್ಲಿ ಇಟ್ಟುಕೊಳ್ಳುವ ಶಕ್ತಿ ಡೀಲರರಿಗಿರಲಿಲ್ಲ. ಶೋಕಿಯ ವಸ್ತುವಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತಿದ್ದವು. ಹಾಗಾಗಿ ಕಂಪನಿಯೇ ಬ್ಯಾಂಕಾಯಿತು. ಕೊಳ್ಳುವವನು ನೂರಕ್ಕೆ 35ರಷ್ಟು ಮುಂಗಡ ಕೊಟ್ಟು ಉಳಿದುದನ್ನು ಒಂದು ವರ್ಷದೊಳಗೆ ತೀರಿಸಬೇಕಿತ್ತು. ಈ ಒಂದು ವರ್ಷ ಎಂಬ ಅವಧಿಯನ್ನು ಓದುಗರು ನೆನಪಿನಲ್ಲಿಡಬೇಕು.

1923ರಲ್ಲಿ ಆಲ್ಫ್ರೆಡ್ ಸ್ಲೋನ್ ಕಂಪನಿಯ ಅಧ್ಯಕ್ಷನಾದ. ಫೋರ್ಡನನ್ನು ಮಣಿಸಿದ ನಾಲ್ಕು ಸಂಗತಿಗಳನ್ನು ಆತ ತನ್ನ ಆತ್ಮಕಥೆಯಲ್ಲಿ ಎಣಿಸಿ ಹೇಳಿದ್ದಾನೆ: ಕಂತಿನ ಮಾರಾಟ, ಹಳೆಯ ಕಾರನ್ನು ಹಿಂದಕ್ಕೆ ಕೊಂಡು ಹೊಸತು ಕೊಡುವುದು, ಮುಚ್ಚಿದ ಒಡಲು, ವರ್ಷಕ್ಕೊಂದು ಹೊಸ ಮಾದರಿ. ನಾಲ್ಕನ್ನೂ ಜೋಡಿಸಿ ನೋಡಿದರೆ ಅದೊಂದು ಚಕ್ರ. ಈ ವರ್ಷದ ಕಾರು ಬರುವ ವರ್ಷ ಹಳತಾಗುತ್ತದೆ. ಹಳತನ್ನು ಕೊಟ್ಟು ಹೊಸತು ತರಬಹುದು. ಮಧ್ಯದ ಅಂತರಕ್ಕೆ ಕಂತು ಇದೆ. ಮೆಟ್ಟಿಲುಗಳೂ ಸಿದ್ಧ. ಶೆವ್ರೊಲೆಯಲ್ಲಿ ಹೊರಟವನು ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್ ದಾಟಿ ಒಂದು ದಿನ ಕ್ಯಾಡಿಲಾಕ್‌ಗೆ ಏರಬಹುದು. 1920ರ ದಶಕ ಮುಗಿಯುವ ಮೊದಲೇ ಅಮೆರಿಕದಲ್ಲಿ ಸುಮಾರು ಮುಕ್ಕಾಲು ಪಾಲು ಕಾರುಗಳು ಕಂತಿನ ಮೇಲೆ ಮಾರಾಟವಾಗುತ್ತಿದ್ದವು.

1927ರ ಮೇ ತಿಂಗಳಲ್ಲಿ ಒಂದೂವರೆ ಕೋಟಿಯ ಮಾಡೆಲ್ ಟಿ ಹೊರಬಂತು. ಜತೆಗೇ ಅದರ ಕಥೆಯೂ ಮುಗಿಯಿತು. ಹೊಸ 'ಮಾಡೆಲ್ ಎ' ಬರಲು ಡಿಸೆಂಬರ್ ಆಯಿತು. ಮರುವರ್ಷ, 1928ರಲ್ಲಿ, ಸಾಲವನ್ನು ದ್ವೇಷಿಸುತ್ತಿದ್ದ ಫೋರ್ಡ್ ತನ್ನದೇ ಸಾಲ ಸಂಸ್ಥೆಯನ್ನು ತೆರೆದ.

ಎಷ್ಟೋ ಕಾಲ ನಾನು ಫೋರ್ಡನ ಪಕ್ಷದವನಾಗಿದ್ದೆ. ಈಗ ಪೂರ್ತಿ ಹಾಗೆ ಹೇಳಲಾರೆ. ಆತ ಸಂತನೇನಲ್ಲ. ಯೆಹೂದ್ಯರ ಮೇಲೆ ವಿಷ ಕಾರಲು ಪತ್ರಿಕೆಯನ್ನು ನಡೆಸಿದವನು. 1937ರಲ್ಲಿ ಅವನ ಕಾರ್ಖಾನೆಯ ಬಾಗಿಲಲ್ಲಿ ಕಾರ್ಮಿಕ ಸಂಘಟಕರಿಗೆ ಪೆಟ್ಟು ಬಿದ್ದಿತ್ತು. ಸಂಘವನ್ನು ಆತ ಒಪ್ಪಿದ್ದು 1941ರಲ್ಲಿ. ಕೂಡಿಟ್ಟ ಹಣವಿಲ್ಲದ ಕೂಲಿಕಾರನಿಗೆ ಚಕ್ರ ಸಿಕ್ಕಿದ್ದು ಕಂತಿನಿಂದಲೇ ಎಂಬುದನ್ನೂ ಮರೆಯಬಾರದು.

ಎರಡು ಬಗೆಯ ಗಾಡಿ

ಅಮೆರಿಕದ ವಾಹನಗಳಲ್ಲಿ ಯಾವುದು ಶ್ರೇಷ್ಠ ಎಂದು ಯಾರಾದರೂ ಕೇಳಿದರೆ ನಾನು ಹಿಂದೆ ಮುಂದೆ ನೋಡದೆ ಜೀಪು ಎನ್ನುತ್ತೇನೆ. 1940ರಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆದು, ಹಗುರವಾದ, ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನು ಕೇಳಿತು. ಮಾದರಿ ಗಾಡಿಗೆ ಕೊಟ್ಟ ಅವಧಿ 49 ದಿನ. ಆ ಅವಧಿಯಲ್ಲಿ ಗಾಡಿ ತಂದು ನಿಲ್ಲಿಸಿದ್ದು ಬಾಂಟಮ್ ಎಂಬ ಪುಟ್ಟ ಕಂಪನಿ. ನಕ್ಷೆ ಬರೆದವನು ಕಾರ್ಲ್ ಪ್ರಾಬ್ಸ್ಟ್. ಆದರೆ ದೊಡ್ಡ ಆದೇಶ ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಹೆತ್ತವಳೊಬ್ಬಳು, ಹೆಸರು ಪಡೆದವಳೊಬ್ಬಳು. ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ಅದರಲ್ಲಿ ಅಲಂಕಾರಕ್ಕೆಂದು ಒಂದು ತಗಡೂ ಇರಲಿಲ್ಲ.

ಅದೇ ದೇಶ ಯುದ್ಧ ಮುಗಿದ ಮೇಲೆ ಏನು ಮಾಡಿತು? 1948ರ ಕ್ಯಾಡಿಲಾಕ್‌ನ ಹಿಂಬದಿಗೆ ಮೀನಿನ ರೆಕ್ಕೆಯಂಥದ್ದೊಂದು ಮೊಳೆಯಿತು. ವರ್ಷವರ್ಷವೂ ಬೆಳೆದ ಆ ರೆಕ್ಕೆ 1959ರ ಹೊತ್ತಿಗೆ ಮುಗಿಲು ನೋಡುವಷ್ಟಾಯಿತು. ರೆಕ್ಕೆಯಿಂದ ಕಾರು ಹಾರಲೂ ಇಲ್ಲ, ಪೆಟ್ರೋಲು ಉಳಿಯಲೂ ಇಲ್ಲ. ನೋಡಲು ಚೆಂದ, ನನಗೂ ಇಷ್ಟ, ಸುಳ್ಳು ಹೇಳಲಾರೆ. ಆದರೆ ಅಷ್ಟರಲ್ಲಿ ಕಂತಿನ ಅವಧಿ ಒಂದು ವರ್ಷದಿಂದ ಮೂರು ವರ್ಷಕ್ಕೆ ಬೆಳೆದಿತ್ತು. ಮಾದರಿಯ ಆಯುಸ್ಸು ಒಂದು ವರ್ಷ, ಸಾಲದ ಆಯುಸ್ಸು ಮೂರು ವರ್ಷ. ಲೆಕ್ಕ ತಪ್ಪಿದ್ದು ಇಲ್ಲಿ ಎಂದು ನನ್ನ ಅಭಿಪ್ರಾಯ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲ ಪುಸ್ತಕ ಬರೆದು, ಕಾರುಗಳ ಅಂದಕ್ಕೆ ಕೊಟ್ಟ ಗಮನವನ್ನು ಒಳಗೆ ಕುಳಿತವನ ಪ್ರಾಣಕ್ಕೆ ಕೊಟ್ಟಿಲ್ಲ ಎಂದು ತೋರಿಸಿದ. ಮರುವರ್ಷ ಸುರಕ್ಷತೆಯ ಕಾನೂನು ಬಂತು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ದೊಡ್ಡ ಕಾರುಗಳು ಷೋರೂಮಿನಲ್ಲೇ ಉಳಿದವು. ಜಪಾನಿನ ಸಣ್ಣ ಕಾರುಗಳಿಗೆ ಬಾಗಿಲು ತೆರೆಯಿತು. 1980ರಲ್ಲಿ ವಾಹನ ತಯಾರಿಕೆಯಲ್ಲಿ ಜಪಾನು ಅಮೆರಿಕವನ್ನು ಹಿಂದಿಕ್ಕಿತು.

ಒತ್ತೆ ಬಿದ್ದ ಹೆಸರು

ಕಾರಿನಲ್ಲಿ ಲಾಭ ಕಡಿಮೆಯಾದಂತೆ ಸಾಲದಲ್ಲಿ ಲಾಭ ಹೆಚ್ಚಿತು. ಜಿಮ್ಯಾಕ್ 1985ರಿಂದ ಮನೆಸಾಲಕ್ಕೂ ಇಳಿಯಿತು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಗಿರಾಕಿಗಳು ಮನೆ ಬಿಟ್ಟು ಹೊರಡದಿದ್ದಾಗ ಕಂಪನಿ ಬಡ್ಡಿಯೇ ಇಲ್ಲದ ಕಂತು ಕೊಟ್ಟು ಕಾರು ಮಾರಿತು. 2004ರ ಸುಮಾರಿಗೆ ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯ ಲಾಭದ ಬಹುಪಾಲು ಬರುತ್ತಿದ್ದುದು ಸಾಲದಿಂದ, ಕಾರಿನಿಂದಲ್ಲ. ಹೋಟೆಲಿನವನು ಊಟಕ್ಕಿಂತ ಊಟದ ಸಾಲದ ಬಡ್ಡಿಯನ್ನೇ ನಂಬಿ ಕುಳಿತರೆ ಅಡುಗೆಯ ಗತಿ ಏನಾದೀತು? 2006ರಲ್ಲಿ ಜಿಮ್ಯಾಕ್‌ನ ನೂರಕ್ಕೆ 51 ಪಾಲನ್ನು ಮಾರಬೇಕಾಯಿತು. ಮನೆಸಾಲಗಳು ಮುಳುಗಿದಾಗ ಅದನ್ನು ಸರಕಾರದ ಹಣವೇ ಎತ್ತಿ ಹಿಡಿಯಿತು.

2009ರ ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು. ಕೊಡಬೇಕಾದ ಹೊರೆ 17,200 ಕೋಟಿ ಡಾಲರ್. ಆಸ್ತಿ 8,200 ಕೋಟಿ ಡಾಲರ್. ಸ್ಲೋನ್ ಕಟ್ಟಿದ ಮೆಟ್ಟಿಲುಗಳಲ್ಲಿ ಓಲ್ಡ್ಸ್‌ಮೊಬೈಲ್ 2004ರಲ್ಲೇ ಹೋಗಿತ್ತು. ಪಾಂಟಿಯಾಕ್ 2010ರಲ್ಲಿ ಹೋಯಿತು. ಕ್ರೈಸ್ಲರ್ ಕಂಪನಿ ಒಂದು ತಿಂಗಳು ಮೊದಲೇ ದಿವಾಳಿಯೆದ್ದಿತ್ತು. ಉಳಿದದ್ದು ಫೋರ್ಡ್ ಒಂದೇ.

ಫೋರ್ಡ್ ಉಳಿದದ್ದಾದರೂ ಹೇಗೆ? ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೆಟ್ಟ ಕಾಲ ಬರುವುದಕ್ಕೆ ಮೊದಲೇ, 2006ರಲ್ಲಿ, ಆ ಕಂಪನಿ ತನ್ನ ಕಾರ್ಖಾನೆಗಳನ್ನೂ, ನೀಲಿ ಅಂಡಾಕಾರದಲ್ಲಿ ಬರೆದ 'ಫೋರ್ಡ್' ಎಂಬ ಮುದ್ರೆಯನ್ನೂ ಒತ್ತೆಯಿಟ್ಟು 2,360 ಕೋಟಿ ಡಾಲರ್ ಸಾಲ ವ್ಯವಸ್ಥೆ ಮಾಡಿಕೊಂಡಿತ್ತು. ಸಾಲಗಾರರನ್ನು ಹತ್ತಿರ ಸೇರಿಸದ ಅಜ್ಜನ ಹೆಸರೇ ಅಡವು ಬಿತ್ತು! ಅದು ಬಿಡುಗಡೆಯಾದದ್ದು 2012ರ ಮೇ ತಿಂಗಳಲ್ಲಿ. ಕನ್ನಡದ ಅಡವು, ಮಲಯಾಳದ ಅಡವ್, ಎರಡೂ ಅಲ್ಲಿ ಒಂದಾದವು.

ಡೆಟ್ರಾಯಿಟ್ ನಗರಕ್ಕೆ ಅಂಥ ಅದೃಷ್ಟವಿರಲಿಲ್ಲ. 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ಊರು 2010ಕ್ಕೆ ಏಳು ಲಕ್ಷದ ಆಸುಪಾಸಿಗೆ ಇಳಿದಿತ್ತು. 2013ರ ಜುಲೈಯಲ್ಲಿ ನಗರಾಡಳಿತವೇ ದಿವಾಳಿಯಾಯಿತು. ದುಡಿದು ನಿವೃತ್ತರಾದ ನಗರದ ನೌಕರರ ಪಿಂಚಣಿಗೂ ಕತ್ತರಿ ಬಿತ್ತು. ಲೆಡ್ಜರಿನಲ್ಲಿ ಒಂದು ಅಂಕೆ ತಪ್ಪಿದರೆ ಕೊನೆಗೆ ಯಾರ ಅನ್ನ ಕಡಿಮೆಯಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಲೆಕ್ಕ

ಅಮೆರಿಕದ ಈ ಎರಡು ಕಂಪನಿಗಳು ಭಾರತಕ್ಕೂ ಬಂದು ಹೋದವು. 1920ರ ದಶಕದಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸಿ, 1950ರ ದಶಕದಲ್ಲಿ ಬಾಗಿಲು ಮುಚ್ಚಿದವು. 1990ರ ದಶಕದಲ್ಲಿ ಮತ್ತೆ ಬಂದವು. ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಉಳಿದದ್ದು ಜೀಪಿನ ವಂಶ. 1940ರ ದಶಕದ ಕೊನೆಗೆ ಮಹೀಂದ್ರಾದವರು ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ಮುಂದೆ ಅದಕ್ಕೆ ಡೀಸೆಲ್ ಎಂಜಿನ್ ಬಂತು, ನಮ್ಮ ಗುಡ್ಡದ ದಾರಿಗಳಿಗೂ ಬಂತು.

ಮಾವನ ಜೀಪು ಸಾಲದ್ದೇ. ಖಾಸಗಿಯವರ ಬಡ್ಡಿ, ತಿಂಗಳ ಐದನೆಯ ತಾರೀಕಿಗೆ ವಾಯಿದೆ. ಮಳೆಗಾಲದಲ್ಲಿ ಟ್ರಿಪ್ ಕಡಿಮೆಯಾದಾಗ ಅತ್ತೆಯ ಬಳೆ ಒತ್ತೆಗೆ ಹೋಗುತ್ತಿತ್ತು. ಅಡಿಕೆ ಕೊಯ್ಲಿನ ಹೊತ್ತಿಗೆ ಮರಳಿ ಬರುತ್ತಿತ್ತು. ಮೂರು ವರ್ಷದಲ್ಲಿ ಕಂತು ತೀರಿತು. ಆಮೇಲೆ ಹನ್ನೊಂದು ವರ್ಷ ಆ ಜೀಪು ಓಡಿತು. ಇಬ್ಬರು ಮಕ್ಕಳ ಓದು, ಒಂದು ಮದುವೆ, ಮನೆಗೆ ಹೆಂಚು ಎಲ್ಲವೂ ಆ ಹನ್ನೊಂದು ವರ್ಷಗಳ ದುಡಿಮೆ. ಹೆರಿಗೆನೋವಿನ ಹೆಂಗಸರನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ ಗಾಡಿ.

ಇಂದು ಅಮೆರಿಕದಲ್ಲಿ ಆರು, ಏಳು ವರ್ಷಗಳ ಕಾರು ಸಾಲ ಸಾಮಾನ್ಯವಾಗಿದೆ. 2023ರ ಕೊನೆಗೆ ಅಲ್ಲಿಯ ವಾಹನ ಸಾಲದ ಮೊತ್ತ 1.6 ಲಕ್ಷ ಕೋಟಿ ಡಾಲರ್ ದಾಟಿತ್ತು. ನಮ್ಮಲ್ಲೂ ಏಳು ವರ್ಷದ ಕಾಗದಕ್ಕೆ ದಿನವೂ ನನ್ನ ಮುದ್ರೆ ಬೀಳುತ್ತಿದೆ. ನಾನೇ ಅಂಥ ಕಾಗದಕ್ಕೆ ಗಿರಾಕಿಯಾಗಿಯೂ ಸಹಿ ಹಾಕಿದವನು. ವಾರಕ್ಕೆ ಆರು ದಿನ ಅಂಗಳದಲ್ಲಿ ನಿಲ್ಲುವ ನನ್ನ ಕಾರಿಗೆ ಇನ್ನೂ ನಲ್ವತ್ತೊಂದು ಕಂತು ಬಾಕಿ.

ಆದುದರಿಂದ ಸಾಲ ತೆಗೆಯಬೇಡಿ ಎಂದು ಉಪದೇಶಿಸಲು ನನಗೆ ಬಾಯಿಲ್ಲ. ಅದು ನನ್ನ ಉದ್ಯೋಗಕ್ಕೂ ಹೊಂದದು. ನೂರು ವರ್ಷದ ಅಮೆರಿಕದ ಲೆಕ್ಕದಿಂದ ನಾನು ಕಲಿತದ್ದು ಒಂದೇ ಮಾತು: ಗಾಡಿಯ ಆಯುಸ್ಸು ಕಂತಿನ ಆಯುಸ್ಸಿಗಿಂತ ಉದ್ದವಿರಬೇಕು. ಈಗ ಯಾರಾದರೂ ಹುಡುಗರು ವಾಹನ ಸಾಲದ ಫಾರಂ ಕೇಳಲು ಬಂದರೆ, ಕೊಡುವ ಮೊದಲು ಕೇಳುತ್ತೇನೆ: "ಕಂತು ಮುಗಿದ ಮರುದಿನ ಈ ಗಾಡಿ ನಿಮಗೆ ಏನು ಕೆಲಸಕ್ಕೆ?" ಕೆಲವರು ನಗುತ್ತಾರೆ. ಒಬ್ಬಿಬ್ಬರು ಫಾರಂ ಮಡಚಿ ಕಿಸೆಗಿಟ್ಟು, ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಎದ್ದು ಹೋದದ್ದೂ ಉಂಟು.