ಗೋಡೆ ದಾಟಿದ ಕಾಗದಗಳು

ಸಕಲೇಶಪುರದ ಮೇಲಿನ ಕಾಫಿ ತೋಟದ ಲೈನ್‌ಮನೆಯಿಂದ ಹಾಸನದ ಜಿಲ್ಲಾ ಕಾರಾಗೃಹಕ್ಕೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಪೇಟೆಯಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ತೋಟದಿಂದ ಪೇಟೆಗೆ ಇಳಿಯುವ ದಾರಿ ಬೇರೆ. ಆಲೂರಿನವರಿಗೆ ದೂರ ಕಡಿಮೆ, ಆದರೆ ಒಳಊರುಗಳಲ್ಲಿ ಬಸ್ಸಿಗೆ ಕಾಯುವ ಪಾಡು ಒಂದೇ. ಗುರುತಿನ ಚೀಟಿ, ಸರದಿ, ತಪಾಸಣೆ ಎಲ್ಲ ಮುಗಿದ ಮೇಲೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲೇ ತಾಯಿ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿಬಿಡುತ್ತಾಳೆ. ಸೊರಗಿದ್ದಾನೆಯೇ, ಕೈ ಬಾತಿದೆಯೇ, ಮಾತ್ರೆ ಕೊಡುತ್ತಿದ್ದಾರೆಯೇ? ಜೈಲಿನ ಮೊದಲ ತಪಾಸಣಾಧಿಕಾರಿ ಆಕೆಯೇ ಎಂದು ನಾನು ನಂಬಿದ್ದೇನೆ. ಆ ನೋಟಕ್ಕೆ ಬೆಲೆ ಕೊಡಲು ನಮ್ಮ ಕಾನೂನಿಗೆ ನೂರು ವರ್ಷ ಹಿಡಿಯಿತು.

1894ರ ಕಾರಾಗೃಹ ಕಾಯ್ದೆಯಲ್ಲಿ ವಿಚಾರಣಾಧೀನ ಕೈದಿಗಳ ಭೇಟಿಗೆ ಅವಕಾಶವಿತ್ತು. ವಕೀಲರನ್ನು ಮೂರನೆಯವರ ಕಿವಿಯಿಲ್ಲದೆ ಕಾಣಬಹುದು ಎಂಬ ಮಾತೂ ಇತ್ತು. ಆದರೆ ಯಾವ ಹೊತ್ತು ಸೂಕ್ತ, ಎಷ್ಟು ನಿರ್ಬಂಧ ಸೂಕ್ತ ಎಂದು ತೀರ್ಮಾನಿಸುವವರು ಜೈಲಿನವರೇ. ಒಳಗಿನ ಕಾಗದ ಓದಿ ಹೊರಗೆ ಬಿಡುವವರೂ ಅವರೇ. 1963ರಲ್ಲಿ ನಮ್ಮ ರಾಜ್ಯಕ್ಕೆ ತನ್ನದೇ ಕಾಯ್ದೆ ಬಂದಮೇಲೂ ಈ ಕೀಲಿ ಅವರ ಕೈಯಲ್ಲೇ ಉಳಿಯಿತು. ಆ ಹಿಡಿತ ಮೊದಲು ಸಡಿಲಿದ್ದು ಮುಂಬಯಿಯ ಪ್ರಕರಣವೊಂದರಲ್ಲಿ. ಬಂಧನದಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಜಗಿರಿ ಪರಮಾಣುವಿನ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದು, ಅಚ್ಚು ಹಾಕಿಸಲು ಹೆಂಡತಿಗೆ ಕಳಿಸಬೇಕೆಂದಾಗ ಸರಕಾರ ಬಿಡಲಿಲ್ಲ. 1965ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು.

ಹತ್ತು ವರ್ಷದಲ್ಲಿ ತುರ್ತು ಪರಿಸ್ಥಿತಿ ಬಂತು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರು ಬಲ್ಲ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ, ವಿಚಾರಣೆಯಿಲ್ಲದೆ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಅವರಿಗೆ ತೀವ್ರ ಆಸ್ತಮಾ. ರಾತ್ರಿಯ ಮೌನದಲ್ಲಿ ಅವರು ಚೀರುವುದು ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆ ಮುಂದೆ ನೆನಪಿಸಿಕೊಂಡರು. ಆ ಚೀರಾಟಕ್ಕೆ ಸಾಕ್ಷಿಯಾದವರು ಇನ್ನೊಬ್ಬ ಕೈದಿ. 1977ರ ಜನವರಿಯಲ್ಲಿ ಪೆರೋಲ್ ಸಿಕ್ಕಿತು. ಕೆಲವೇ ದಿನಗಳಲ್ಲಿ, 20ರಂದು, ಅವರು ತೀರಿಕೊಂಡರು. ಜೈಲಿನಲ್ಲಿ ಬರೆದಿಟ್ಟ ದಿನಚರಿ ಅದೇ ವರ್ಷ ಪ್ರಕಟವಾಯಿತು. ಆ ಹಾಳೆಗಳು ಕೆಲವು ತಿಂಗಳು ಮೊದಲೇ ಹೊರಬಿದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ದಿಲ್ಲಿಯ ತಿಹಾರ್‌ನಿಂದ ಒಂದು ಕಾಗದ ಮಾತ್ರ ಹೊತ್ತಿಗೆ ತಲುಪಿತು. ಜೊತೆಯ ಕೈದಿಗೆ ವಾರ್ಡರ್ ಕೊಟ್ಟ ಚಿತ್ರಹಿಂಸೆಯನ್ನು ಸುನಿಲ್ ಬಾತ್ರಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಬರೆದು ತಿಳಿಸಿದರು. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡಿತು. 1979ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೊಟ್ಟ ತೀರ್ಪು ಜೈಲುಗಳಲ್ಲಿ ದೂರುಪೆಟ್ಟಿಗೆ ಇಡಲು ಹೇಳಿತು, ಅದನ್ನು ತೆರೆಯುವ ಹೊಣೆಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರಿಗೆ ಒಪ್ಪಿಸಿತು. ಕೀಲಿ ಮೊದಲ ಸಲ ಜೈಲಿನಾಚೆಯ ಕೈಗೆ ಬಂತು. 1981ರ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ತೀರ್ಪು ಮನೆಯವರನ್ನೂ ವಕೀಲರನ್ನೂ ಕಾಣುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದಿತು.

ಇನ್ನೊಂದು ಕಾಗದ ನಮ್ಮ ಬೆಂಗಳೂರಿನದೇ. ಸ್ನೇಹಲತಾ ಇದ್ದ ಅದೇ ಜೈಲಿನಿಂದ 1984ರಲ್ಲಿ ರಾಮಮೂರ್ತಿ ಎಂಬ ಕೈದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಬರೆದರು. ದುಡಿದದ್ದಕ್ಕೆ ಸರಿಯಾದ ಕೂಲಿ ಸಿಗುತ್ತಿಲ್ಲ ಎಂಬುದು ಮುಖ್ಯ ದೂರು. ಕೋರ್ಟು ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರನ್ನು ಒಳಗೆ ಕಳಿಸಿ ವರದಿ ತರಿಸಿಕೊಂಡಿತು. 1996ರ ಡಿಸೆಂಬರ್ 23ರಂದು ಹೊರಬಿದ್ದ ತೀರ್ಪು ಕೂಲಿಯ ಮಾತಿನಲ್ಲಿ ನಿಲ್ಲದೆ ದೇಶದ ಜೈಲುಗಳ ಒಂಬತ್ತು ರೋಗಗಳನ್ನು ಹೆಸರಿಸಿತು. ಕಿಕ್ಕಿರಿತ, ವಿಚಾರಣೆಯ ವಿಳಂಬ, ಹಿಂಸೆಯ ಸಾಲಿನಲ್ಲೇ ಹೊರಗಿನವರೊಡನೆ ಸಂಪರ್ಕದ ಕೊರತೆಯೂ ಇತ್ತು, ಜೈಲು ಭೇಟಿಗಳ ಅವ್ಯವಸ್ಥೆಯೂ ಇತ್ತು. ಮನೆಯಲ್ಲಿ ಏನಾಗುತ್ತಿದೆಯೆಂದು ತಿಳಿಯದೆ ಕೊರಗುವುದು ಶಿಕ್ಷೆಯ ಮೇಲಿನ ಇನ್ನೊಂದು ಹೊರೆ ಎಂದು ನ್ಯಾಯಾಲಯ ಒಪ್ಪಿಕೊಂಡಿತು. 1894ರ ಕಾಯ್ದೆ ಬದಲಾಗಬೇಕೆಂದೂ ಹೇಳಿತು. ಕಾನೂನು ಓದುವವರಿಗೆಲ್ಲ ಈ ತೀರ್ಪು ಗೊತ್ತು. ಆ ಕಾಗದ ಹೊರಟದ್ದು ನಾವು ಇಂದು ಫ್ರೀಡಂ ಪಾರ್ಕ್ ಎಂದು ಕರೆಯುವ ಜಾಗದಿಂದ ಎಂಬುದು ಬಹಳ ಜನರಿಗೆ ತಿಳಿಯದು.

ಆಮೇಲೆ ನಿಯಮಗಳಿಗೇನೂ ಬರವಿಲ್ಲ. ಕಸ್ಟಡಿ ಸಾವನ್ನು 24 ಗಂಟೆಯೊಳಗೆ ತಿಳಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲೇ ಸೂಚಿಸಿತ್ತು. 2015ರಲ್ಲಿ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು ಬಂದವು. 2017ರಲ್ಲಿ 1,382 ಜೈಲುಗಳ ದುಃಸ್ಥಿತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮನೆಯವರ ಭೇಟಿಯ ಹೊತ್ತನ್ನು ಹೆಚ್ಚಿಸಿ, ಫೋನು, ವಿಡಿಯೊ ಮಾತುಕತೆಗೆ ದಾರಿ ಮಾಡಿ, ಸಮಾಜದ ಗಣ್ಯರೂ ಇರುವ ಸಂದರ್ಶಕ ಮಂಡಳಿಗಳನ್ನು ನೇಮಿಸಿ ಎಂದಿತು. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರ 'ಸಂಕಲ್ಪ' ತಂಡ ಕೈದಿಗಳಿಂದ ನಾಟಕ ಆಡಿಸಿ ಅವರನ್ನು ಜನರೆದುರು ನಿಲ್ಲಿಸಿದ್ದನ್ನೂ ಈ ಚರಿತ್ರೆಯಲ್ಲೇ ಸೇರಿಸಬೇಕು.

2024ರ ಆಗಸ್ಟ್‌ನಲ್ಲಿ ನಟ ದರ್ಶನ್ ಪರಪ್ಪನ ಅಗ್ರಹಾರ ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿ ಕೂತ ಫೋಟೊ ಹೊರಬಿತ್ತು. ಕೆಲವೇ ದಿನಗಳಲ್ಲಿ ಅಧಿಕಾರಿಗಳು ಅಮಾನತಾದರು, ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಕಳಿಸಿದರು. ರಾಮಮೂರ್ತಿಯ ಕಾಗದಕ್ಕೆ ತೀರ್ಪು ಸಿಗಲು ಹನ್ನೆರಡು ವರ್ಷ ಬೇಕಾಗಿತ್ತು. ಹೆಸರಿಲ್ಲದ ಕೈದಿಯ ದೂರಿಗೂ ಈ ವೇಗ ಸಿಗಬೇಕೆಂಬುದೇ ನನ್ನ ವಾದ. 2022ರ ಅಂಕಿಅಂಶದಂತೆ ದೇಶದ ಕೈದಿಗಳಲ್ಲಿ ಶೇ. 75.8ರಷ್ಟು ಜನ ವಿಚಾರಣಾಧೀನರು. ಅಪರಾಧ ಇನ್ನೂ ಸಾಬೀತಾಗದವರು.

ಕೋವಿಡ್ ಕಾಲದಲ್ಲಿ ಭೇಟಿಗಳು ನಿಂತಾಗ ಕೈಹಿಡಿದದ್ದು ಇ-ಮುಲಾಕಾತ್. ಮೊಬೈಲ್ ನಂಬರು ಕೊಟ್ಟು ಹೆಸರು ನೋಂದಾಯಿಸಿ, ಗೊತ್ತುಮಾಡಿದ ಹೊತ್ತಿಗೆ ಪರದೆಯ ಮುಂದೆ ಕೂರಬೇಕು. ಪೇಟೆಯವರಿಗೆ ಇದು ಸಲೀಸು. ಮಲೆನಾಡಿನ ತೋಟಗಳಲ್ಲಿ ಸಿಗ್ನಲ್ ಸಿಗುವುದು ದಿಬ್ಬದ ತುದಿಯಲ್ಲೋ ರಸ್ತೆಯ ತಿರುವಿನಲ್ಲೋ. ಆಷಾಢದ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದರೆ ಆ ಹೊತ್ತು ಕಳೆದುಹೋಗುತ್ತದೆ. ತಾಯಿ ಮತ್ತೆ ಒಂದು ದಿನದ ಕೂಲಿ ಬಿಟ್ಟು ಹಾಸನದ ಬಸ್ಸು ಹತ್ತುತ್ತಾಳೆ.